ಹಳೆಯ ಕೈಗಡಿಯಾರ: ಹೊಸದಾಗಿಸಿ ಮಾರಬೇಕೆ, ಇದ್ದಂತೆಯೇ ಮಾರಬೇಕೆ?

ಲೆಕ್ಕಪತ್ರ ಬರೆಯುವವರಿಗೆ ಆರಂಭದಲ್ಲಿಯೇ ಕಲಿಸುವ ಪಾಠವೊಂದಿದೆ. ಖಾತೆಯಲ್ಲಿ ತಪ್ಪು ನಮೂದಾಗಿದ್ದರೆ ಅದನ್ನು ಕೆರೆದು ಅಳಿಸಬಾರದು. ತಿದ್ದುಪಡಿಯ ನಮೂದನ್ನು ಪ್ರತ್ಯೇಕವಾಗಿ ಬರೆಯಬೇಕು. ಮೂಲ ಬರಹ ಹಾಗೆಯೇ ಉಳಿದರೆ ಮಾತ್ರ ಖಾತೆಗೆ ಸಾಕ್ಷ್ಯಬಲ. ಅನೇಕ ವರ್ಷಗಳಿಂದ ವ್ಯಾಪಾರಸ್ಥರಿಗೆ ಈ ಮಾತನ್ನು ಹೇಳುತ್ತ ಬಂದಿರುವ ನಾನೇ ನನ್ನ ತಂದೆಯವರ ಕೈಗಡಿಯಾರದ ವಿಷಯದಲ್ಲಿ ಅದನ್ನು ಮರೆತೆನೆಂದು ಒಪ್ಪಿಕೊಂಡೇ ಈ ಲೇಖನವನ್ನು ಆರಂಭಿಸುತ್ತೇನೆ.

ಅದು 1970ರ ದಶಕದಲ್ಲಿ ಅವರು ಕೊಂಡಿದ್ದ, ದಿನವೂ ಕೀ ಕೊಡಬೇಕಾದ ಎಚ್‌ಎಂಟಿ ಜನತಾ. ತಂದೆಯವರ ಕಾಲಾನಂತರ ಅವರ ಕೆಲವು ವಸ್ತುಗಳನ್ನು ಮಾರಿ, ಬಂದ ಹಣದಿಂದ ಅವರು ಓದಿದ ಶಾಲೆಯಲ್ಲಿ ಒಂದು ಬಹುಮಾನದ ದತ್ತಿ ಇಡಬೇಕೆಂದು ನಾವು ಮಕ್ಕಳು ನಿಶ್ಚಯಿಸಿದೆವು. ಡಯಲ್ ಹಳದಿಗಟ್ಟಿತ್ತು. ಹೊಸದಾಗಿ ಕಂಡರೆ ಹೆಚ್ಚಿನ ಬೆಲೆ ಬಂದೀತೆಂದು ಭಾವಿಸಿ, ಡಯಲ್‌ಗೆ ಹೊಸ ಬಣ್ಣ ಹಾಕಿಸಿ ಅಕ್ಷರ ಬರೆಸಿದೆ. ಕೇಸ್‌ಗೆ ಪಾಲಿಷ್ ಮಾಡಿಸಿದೆ. ಕೊಳ್ಳಲು ಬಂದ ಸಂಗ್ರಾಹಕರು ಕಣ್ಣಿಗೆ ಮಸೂರ ಹಿಡಿದು ನೋಡಿ ಮೆಲ್ಲನೆ ಕೆಳಗಿಟ್ಟರು. "ಹಳೇ ಡಯಲ್ಲೇ ಇದ್ದಿದ್ದರೆ ಮಾತಾಡಬಹುದಿತ್ತು ಸಾರ್" ಎಂದರು. ಹಳೆಯ ಡಯಲ್ ಎಲ್ಲಿಂದ ತರುವುದು? ಅದರ ಮೇಲೆಯೇ ಬಣ್ಣ ಬಳಿದಾಗಿತ್ತು. ದತ್ತಿಯ ಹಣವನ್ನು ಕೈಯಿಂದ ತುಂಬಿದೆವು. ಆದರೆ ತಂದೆಯವರು ಪ್ರತಿದಿನ ನೋಡುತ್ತಿದ್ದ ಆ ಡಯಲ್ ಮರಳಿ ಬರಲಿಲ್ಲ.

ಈ ಪ್ರಶ್ನೆ ನನ್ನೊಬ್ಬನದಲ್ಲ. ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿ ಕಾರ್ಖಾನೆಯ ಗಡಿಯಾರಗಳು ನಮ್ಮ ರಾಜ್ಯದ ಅಸಂಖ್ಯ ಮನೆಗಳಲ್ಲಿವೆ. ಎಚ್‌ಎಂಟಿ ವಾಚಸ್ ಸಂಸ್ಥೆಯನ್ನು ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿತು. ತಯಾರಿಕೆ ನಿಂತ ವಸ್ತುವಿಗೆ ಸಂಗ್ರಾಹಕರ ಮಾರುಕಟ್ಟೆಯೊಂದು ಹುಟ್ಟಿಕೊಳ್ಳುವುದು ಸಹಜ. ಆ ಮಾರುಕಟ್ಟೆಯಲ್ಲಿ ಹಣ ಸಲ್ಲುವುದು ಹೊಳಪಿಗಲ್ಲ, ಮೂಲಸ್ವರೂಪಕ್ಕೆ. ಹೊಸ ಬಣ್ಣದ ಡಯಲ್‌ಗಳು ವಿಪುಲವಾಗಿರುವುದರಿಂದ, ಕಾರ್ಖಾನೆಯಿಂದ ಬಂದ ಡಯಲ್, ಅದು ಮಾಸಿದ್ದರೂ, ವಿರಳವೆನಿಸುತ್ತದೆ. ಪಾಲಿಷ್ ಕೂಡ ನಿರಪಾಯಕಾರಿಯಲ್ಲ. ಉಕ್ಕಿನ ಕೇಸ್‌ನ ಚೂಪಾದ ಅಂಚುಗಳು ಅದರಿಂದ ಸವೆದು ದುಂಡಾಗುತ್ತವೆ. ಲೇಪನವಿರುವ ಕೇಸ್ ಆದರೆ ಕೆಳಗಿನ ಹಿತ್ತಾಳೆಯೇ ಹೊರಬೀಳಬಹುದು.

ಹಾಗೆಂದು ಏನನ್ನೂ ಮುಟ್ಟಬಾರದೆಂದು ನಾನು ಹೇಳುತ್ತಿಲ್ಲ. ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಮೊದಲನೆಯದು, ಮಾಡಿಸುವ ಕೆಲಸವನ್ನು ಮತ್ತೆ ಹಿಂದಿನಂತಾಗಿಸಲು ಸಾಧ್ಯವೆ? ಪಟ್ಟಿ ಬದಲಿಸಬಹುದು, ಗೀರು ಬಿದ್ದ ಗಾಜು ಬದಲಿಸಬಹುದು. ಆದರೆ ತೆಗೆದ ಭಾಗಗಳನ್ನು ಒಂದು ಲಕೋಟೆಯಲ್ಲಿ ಹಾಕಿ ಗಡಿಯಾರದೊಂದಿಗೇ ಕೊಡಬೇಕು. ಡಯಲ್‌ಗೆ ಬಣ್ಣ ಮತ್ತು ಕೇಸ್‌ಗೆ ಪಾಲಿಷ್ ಮಾತ್ರ ಮರಳಿ ಪಡೆಯಲಾಗದ ಕೆಲಸಗಳು. ಎರಡನೆಯದು, ಕೆಲಸ ಮಾಡಿಸದಿದ್ದರೆ ವಸ್ತು ಹಾಳಾಗುತ್ತದೆಯೆ? ಒಳಗೆ ತೇವ ಸೇರಿ ತುಕ್ಕು ಹಿಡಿಯುತ್ತಿದ್ದರೆ, ಸೆಲ್ ಸೋರುತ್ತಿದ್ದರೆ ತಕ್ಷಣ ದುರಸ್ತಿ ಅಗತ್ಯ. ಇದು ಸಂರಕ್ಷಣೆಯ ಭಾಗವೇ ಆಗಿದೆ. ಮೂರನೆಯದು, ವೆಚ್ಚ ಮಾಡಿದಷ್ಟು ಹಣ ಮಾರಾಟದ ಬೆಲೆಯಲ್ಲಿ ಮರಳೀತೆ? ಉದಾಹರಣೆಗೆ, 2,000 ರೂಪಾಯಿಗೆ ಹೋಗುವ ಗಡಿಯಾರಕ್ಕೆ 1,500 ರೂಪಾಯಿ ಹಾಕಿಸಿ 3,000 ರೂಪಾಯಿಗೆ ಮಾರಿದರೆ ಕೈಗೆ ಉಳಿಯುವುದು 1,500 ಮಾತ್ರ; ಐದುನೂರು ನಷ್ಟ. ಕೊಳ್ಳುವವರು ದಿನಬಳಕೆಗಾಗಿ ಕೊಳ್ಳುವವರಾದರೆ ಎಣ್ಣೆ ಹಾಕಿಸಿ ಸರ್ವೀಸ್ ಮಾಡಿಸಿ ಕೊಡುವುದು ಯುಕ್ತ. ಸಂಗ್ರಾಹಕರಾದರೆ ಆ ಆಯ್ಕೆಯನ್ನು ಅವರಿಗೇ ಬಿಡುವುದು ಲೇಸು.

ನಮ್ಮ ವೃತ್ತಿಗೆ ಸಂಬಂಧಿಸಿದ ಎರಡು ಅಂಶಗಳನ್ನೂ ಗಮನಿಸಬೇಕು. ಸ್ವಂತ ಉಪಯೋಗದ ಚರವಸ್ತುಗಳನ್ನು ಆದಾಯ ತೆರಿಗೆ ಕಾನೂನು ಬಂಡವಾಳ ಆಸ್ತಿಯೆಂದು ಪರಿಗಣಿಸುವುದಿಲ್ಲ. ಆಭರಣ, ಕಲಾಕೃತಿಗಳಂಥ ಕೆಲವು ವಸ್ತುಗಳಿಗೆ ಈ ವಿನಾಯಿತಿ ಇಲ್ಲ. ಆದ್ದರಿಂದ ಮನೆಯಲ್ಲಿ ಧರಿಸುತ್ತಿದ್ದ ಸಾಮಾನ್ಯ ಉಕ್ಕಿನ ಗಡಿಯಾರ ಮಾರಿದರೆ ಬಂಡವಾಳ ಲಾಭದ ಪ್ರಶ್ನೆ ಏಳದು. ಹಾಗೆಯೇ, ದುರಸ್ತಿಯ ವೆಚ್ಚವನ್ನು ಕಳೆಯಲು ಸ್ಥಳವೂ ಇಲ್ಲ. ಚಿನ್ನದ ಕೇಸ್ ಇದ್ದವರು ಸಲಹೆ ಪಡೆದು ಮುಂದುವರಿಯಲಿ.

ಹಳೆಯ ಗಡಿಯಾರಗಳನ್ನು ಕೊಂಡು ಮಾರುವ ನೋಂದಾಯಿತ ವ್ಯಾಪಾರಸ್ಥರ ವಿಷಯ ಬೇರೆ. 2017ರ ಕೇಂದ್ರ ಜಿಎಸ್‌ಟಿ ನಿಯಮಗಳ 32(5)ರ ಪ್ರಕಾರ, ಖರೀದಿಯ ಮೇಲೆ ಹೂಡುವಳಿ ತೆರಿಗೆಯ ಜಮೆ ಪಡೆಯದಿದ್ದರೆ, ಮಾರಿದ ಬೆಲೆ ಮತ್ತು ಕೊಂಡ ಬೆಲೆಗಳ ವ್ಯತ್ಯಾಸದ ಮೇಲೆ ಮಾತ್ರ ತೆರಿಗೆ. ಆದರೆ ಸರಕನ್ನು ಇದ್ದಂತೆಯೇ, ಇಲ್ಲವೆ ಅದರ ಸ್ವರೂಪವನ್ನು ಬದಲಿಸದಷ್ಟು ಅಲ್ಪ ಸಂಸ್ಕರಣೆಯ ನಂತರ ಮಾರಿರಬೇಕು. ಯಂತ್ರ ಒಂದರದು, ಡಯಲ್ ಇನ್ನೊಂದರದು, ಕೇಸ್ ಮತ್ತೊಂದರದು ಎಂಬಂತೆ ಜೋಡಿಸಿದ ಗಡಿಯಾರಕ್ಕೆ ಈ ಸೌಲಭ್ಯ ಕೇಳಿದರೆ ಅಧಿಕಾರಿಗಳು ಪ್ರಶ್ನಿಸುವ ಅವಕಾಶವಿದೆ. ಮೇಲಾಗಿ, ದುರಸ್ತಿಯ ವೆಚ್ಚವನ್ನು ಆ ವ್ಯತ್ಯಾಸದಿಂದ ಕಳೆಯಲು ನಿಯಮ ಹೇಳುವುದಿಲ್ಲ.

ಕೊನೆಯದಾಗಿ ಪ್ರಾಮಾಣಿಕತೆಯ ಮಾತು. 1930ರ ಸರಕು ಮಾರಾಟ ಕಾಯಿದೆಯ 15ನೆಯ ಪ್ರಕರಣದಂತೆ, ವರ್ಣನೆಯ ಮೇಲೆ ಮಾರಿದ ಸರಕು ಆ ವರ್ಣನೆಗೆ ಹೊಂದಿಕೆಯಾಗಿರಬೇಕು. ಹೊಸ ಬಣ್ಣದ ಡಯಲ್ ಇರುವುದನ್ನು "ಮೂಲ ಸ್ಥಿತಿಯಲ್ಲಿದೆ" ಎಂದು ಮಾರಿದರೆ ಅದು ಚಾತುರ್ಯವಲ್ಲ, ಷರತ್ತಿನ ಉಲ್ಲಂಘನೆ. ಏನು ಬದಲಾಗಿದೆ ಎಂದು ಬಿಲ್ಲಿನ ಮೇಲೆಯೇ ಬರೆದುಕೊಡುವ ಅಂಗಡಿಗೆ ಗಿರಾಕಿ ಮತ್ತೆ ಬರುತ್ತಾನೆ. ಮನೆಯವರೂ ಹಳೆಯ ಪೆಟ್ಟಿಗೆ, ಗ್ಯಾರಂಟಿ ಕಾರ್ಡು, ಖರೀದಿ ರಶೀದಿಗಳನ್ನು ಎಸೆಯಬಾರದು. ಅವು ಆ ಗಡಿಯಾರದ ವೋಚರುಗಳು. ನಟ ಪಾಲ್ ನ್ಯೂಮನ್ ಧರಿಸುತ್ತಿದ್ದ ರೋಲೆಕ್ಸ್ 2017ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 1 ಕೋಟಿ 77 ಲಕ್ಷ ಡಾಲರಿಗೂ ಮಿಕ್ಕಿ ಹೋಯಿತು. ಅದು ನಮಗೆ ಅಳತೆಗೋಲಲ್ಲ. ಆದರೆ ಅಲ್ಲಿ ಬೆಲೆ ಸಂದದ್ದು ಯಾರ ಕೈಯಲ್ಲಿತ್ತೆಂಬ ದಾಖಲೆಗೆ, ಹೊಳಪಿಗಲ್ಲ ಎಂಬುದನ್ನು ಮರೆಯಬಾರದು.

ಆದ್ದರಿಂದ ಸಂದೇಹವಿದ್ದಲ್ಲಿ ಒರೆಸಿಟ್ಟುಕೊಳ್ಳಿ, ಕೆರೆಯಬೇಡಿ ಎಂಬುದು ನನ್ನ ವಿನಮ್ರ ಸಲಹೆ. ಇಂದು ಬಿಟ್ಟ ಕೆಲಸವನ್ನು ನಾಳೆ ಯಾರಾದರೂ ಮಾಡಿಸಬಹುದು. ಇಂದು ಮಾಡಿಸಿದ್ದನ್ನು ನಾಳೆ ಯಾರೂ ಬಿಡಿಸಲಾರರು. ನಮ್ಮ ತಂದೆಯವರ ಗಡಿಯಾರ ಈಗಲೂ ನನ್ನ ಮೇಜಿನ ಮೇಲಿದೆ. ಸಮಯ ಸರಿಯಾಗಿಯೇ ತೋರಿಸುತ್ತದೆ. ಆದರೆ ಅದನ್ನು ನೋಡಿದ ನನ್ನ ತಾಯಿಯವರು, "ಇದು ಅವರದ್ದೇನಪ್ಪಾ?" ಎಂದು ಕೇಳಿದರು.