ಮ್ಯೂಸಿಯಂ ಅಂಗಳದಲ್ಲೂ ಒಂದು ದಾಸೋಹ ನಡೆಯಲಿ

ಕಳೆದ ಶ್ರಾವಣದಲ್ಲಿ ನಮ್ಮ ಬಡಾವಣೆಯ ಮಠದಲ್ಲಿ ತಿಂಗಳಿಡೀ ಪ್ರವಚನ ನಡೆಯಿತು. ಒಂದು ಸಂಜೆ ಮಂಗಲ ಮುಗಿದು ಎಲ್ಲರೂ ಪ್ರಸಾದಕ್ಕೆ ಏಳುವ ಹೊತ್ತಿಗೆ ಒಂಬತ್ತನೇ ಇಯತ್ತೆಯ ಹುಡುಗನೊಬ್ಬ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ: ‘ಅಜ್ಜಾರ, ಬಸವಣ್ಣನವರು ಖರೇನ ಇದ್ರೇನ್ರಿ? ಸಾಕ್ಷಿ ಏನೈತ್ರಿ?’

ಪಕ್ಕದಲ್ಲಿದ್ದ ಹಿರಿಯರೊಬ್ಬರಿಗೆ ಸಿಟ್ಟು ಬಂತು. ‘ಮಠದಾಗ ಕುಂತು ಇಂಥಾ ಮಾತ ಆಡ್ತಿಯೇನೋ’ ಎಂದು ಗದರಿದರು. ಹುಡುಗ ತಲೆ ತಗ್ಗಿಸಿ ಪಂಕ್ತಿಗೆ ಹೋದ. ನನಗೆ ಮಾತ್ರ ಅಂದು ಪ್ರಸಾದ ರುಚಿಸಲಿಲ್ಲ. ಪ್ರಶ್ನೆ ಕೇಳುವುದನ್ನು ಕಲಿಸಿದ ಶರಣರ ಹೆಸರಿನಲ್ಲಿ ಕಟ್ಟಿದ ಮನೆಯಲ್ಲಿಯೇ ಪ್ರಶ್ನೆ ಕೇಳಿದವನಿಗೆ ಬೈಗುಳ ಸಿಕ್ಕಿತ್ತು. ಆ ಮಗುವಿನ ಪ್ರಶ್ನೆಗೆ ಒಳ್ಳೆಯ ಉತ್ತರ ಇದೆ, ಆ ಉತ್ತರ ಕಲ್ಲಿನ ಮೇಲೆಯೇ ಕೊರೆದಿದೆ. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದಲ್ಲಿ ಸಿಕ್ಕ ಶಾಸನ ಸೇವುಣರ ಅರಸ ಕನ್ನರನ ಕಾಲದ್ದು, ಕ್ರಿ.ಶ. 1260ರದ್ದು. ಬಸವಣ್ಣನವರು ಐಕ್ಯರಾಗಿ ಒಂದು ಶತಮಾನ ತುಂಬುವ ಮೊದಲೇ ಬರೆಸಿದ ಆ ಕಲ್ಲಿನಲ್ಲಿ ಅವರ ಹೆಸರಿದೆ, ತಂದೆ ಮಾದಿರಾಜರ ಹೆಸರಿದೆ, ಬಾಗೇವಾಡಿಯ ಹೆಸರಿದೆ. ಪುರಾಣದಲ್ಲಿ ಕವಿ ಹೆಚ್ಚು ಕಡಿಮೆ ಬರೆದಿರಬಹುದು. ಭೂಮಿಯ ದಾನಪತ್ರದಲ್ಲಿ ಇಲ್ಲದ ಮನುಷ್ಯನ ಹೆಸರನ್ನು ಯಾರೂ ಸುಮ್ಮನೆ ಕೆತ್ತಿಸುವುದಿಲ್ಲ.

ಗದರಿದ ಹಿರಿಯರಿಗೆ ಈ ಸಂಗತಿ ಗೊತ್ತಿರಲಿಲ್ಲ. ಅವರನ್ನು ನಾನು ದೂರುವುದಿಲ್ಲ, ಏಕೆಂದರೆ ಅರವತ್ತು ದಾಟುವವರೆಗೆ ನನಗೂ ಗೊತ್ತಿರಲಿಲ್ಲ. ನನ್ನ ಅಜ್ಞಾನದಿಂದ ಆದ ಒಂದು ನಷ್ಟದ ಕಥೆಯನ್ನು ಇಲ್ಲಿ ಹೇಳಲೇಬೇಕು.

ನಾನು ಇಂಜಿನಿಯರಿಂಗ್ ಓದಿ ಸರಕಾರಿ ನೌಕರಿಗೆ ಸೇರಿದ ಹೊಸತು, ಎಂಬತ್ತರ ದಶಕ. ಒಂದು ಕಾಲುವೆ ಕಾಮಗಾರಿಯ ಉಸ್ತುವಾರಿ ನನ್ನದು. ಏರಿಗೆ ಕಲ್ಲಿನ ಪಿಚಿಂಗ್ ನಡೆದಿತ್ತು. ಹತ್ತಿರದ ಹಾಳು ಕೆರೆಯ ದಂಡೆಯಲ್ಲಿ ಒಂದಾಳೆತ್ತರದ ಚಪ್ಪಟೆ ಕಲ್ಲು ಬಿದ್ದಿತ್ತು. ಮೇಲೆ ಸೂರ್ಯ, ಚಂದ್ರ, ನಡುವೆ ಲಿಂಗ, ಒಂದು ಹಸು, ಕರು. ಕೆಳಗೆ ಸಾಲು ಸಾಲು ಅಕ್ಷರ. ಕೆಲಸದವರು ಅದನ್ನು ಒಡೆಯಲು ಸುತ್ತಿಗೆ ಎತ್ತಿದಾಗ ಊರಿನ ಮುದುಕರೊಬ್ಬರು ಓಡಿ ಬಂದರು. ‘ಸಾಹೇಬ್ರ, ಬ್ಯಾಡ್ರೀ, ಅದರಾಗ ನಮ್ಮೂರ ಕೆರಿ ಕತಿ ಐತಂತ್ರಿ’ ಎಂದರು. ನಾನು ನಕ್ಕು, ‘ಅಜ್ಜಾ, ಓದಾಕ ಬರ್ತೈತೇನ ನಿಮಗ?’ ಎಂದು ಕೇಳಿದೆ. ‘ನಮಗೆಲ್ಲಿ ಬರ್ತೈತ್ರೀ’ ಎಂದರು ಅವರು. ‘ನನಗೂ ಬರೂದಿಲ್ಲ, ಅಂದಮ್ಯಾಲ ಅದು ಬರೀ ಕಲ್ಲು’ ಎಂದೆ. ಸುತ್ತಿಗೆ ಬಿತ್ತು. ಸಂಜೆ ಆ ಕಲ್ಲು ನನ್ನ ಮೆಜರ್‌ಮೆಂಟ್ ಬುಕ್ಕಿನಲ್ಲಿ ಘನಮೀಟರ್ ಲೆಕ್ಕದೊಳಗೆ ಸೇರಿಹೋಯಿತು.

1972ರ ಪ್ರಾಚ್ಯವಸ್ತು ಕಾನೂನಿನ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ, ಶಾಸನಗಳು ಪ್ರಾಚ್ಯವಸ್ತುಗಳು. ಹಸ್ತಪ್ರತಿಗಾದರೆ 75 ವರ್ಷ ಸಾಕು. ಆ ಕಾನೂನು ಆಗಲೇ ಜಾರಿಯಲ್ಲಿತ್ತು. ನನಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. ಸಿಮೆಂಟು, ಉಕ್ಕು, ನೀರಿನ ಒತ್ತಡದ ಲೆಕ್ಕ ಎಲ್ಲ ಕಲಿತ ನನಗೆ ನನ್ನ ಜಿಲ್ಲೆಯ ಎಂಟುನೂರು ವರ್ಷಗಳ ಲೆಕ್ಕ ಗೊತ್ತಿರಲಿಲ್ಲ.

ನಿವೃತ್ತಿಯ ನಂತರ ಒಮ್ಮೆ ಮೊಮ್ಮಗಳನ್ನು ಕರೆದುಕೊಂಡು ವಿಜಯಪುರದ ಗೋಳಗುಮ್ಮಟಕ್ಕೆ ಹೋಗಿದ್ದೆ. ಗುಮ್ಮಟದ ಮುಂದಿನ ನಗಾರಖಾನೆಯಲ್ಲಿ ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೆ. 1892ರಲ್ಲಿ ಜಿಲ್ಲಾ ಮ್ಯೂಸಿಯಂ ಆಗಿ ಶುರುವಾದದ್ದು. ಕನ್ನಡ, ಸಂಸ್ಕೃತ, ಅರಬ್ಬಿ, ಫಾರಸಿ ಶಾಸನಗಳು, ಜೈನ ಹಾಗೂ ಶೈವ ಶಿಲ್ಪಗಳು, ವೀರಗಲ್ಲುಗಳು, ಹಸ್ತಪ್ರತಿಗಳು, ಆದಿಲ್‌ಶಾಹಿ ಕಾಲದ ಚಿತ್ರ, ಆಯುಧ, ಪಿಂಗಾಣಿ ಪಾತ್ರೆ, ಎಲ್ಲ ಒಂದೇ ಸೂರಿನಡಿ ಇವೆ. ಅಂದು ಏಳೆಂಟು ಶಾಲೆಗಳ ಮಕ್ಕಳು ಪ್ರವಾಸಕ್ಕೆ ಬಂದಿದ್ದರು. ಎಲ್ಲರೂ ಮ್ಯೂಸಿಯಂ ದಾಟಿ ಓಡಿದ್ದು ಮೇಲಿನ ಪಿಸುಮಾತಿನ ಗ್ಯಾಲರಿಗೆ. ಅಲ್ಲಿ ನಿಂತು ಕೂಗಿದರು, ಪ್ರತಿಧ್ವನಿ ಕೇಳಿದರು, ಇಳಿದು ಬಸ್ ಹತ್ತಿದರು. ಮ್ಯೂಸಿಯಂ ಒಳಗೆ ನಾನು, ಮೊಮ್ಮಗಳು, ಕಾವಲುಗಾರ ಮೂವರೇ.

ಅಲ್ಲೊಂದು ಶಾಸನದ ಮುಂದೆ ನಾನು ನಿಂತುಬಿಟ್ಟೆ. ಅದೇ ಸೂರ್ಯ ಚಂದ್ರ, ಅದೇ ಹಸು ಕರು. ‘ಏನು ಬರದಾರ ತಾತಾ ಇದರಾಗ?’ ಎಂದು ಮೊಮ್ಮಗಳು ಕೇಳಿದಳು. ಮೂವತ್ತು ವರ್ಷದ ಹಿಂದೆ ಆ ಮುದುಕರಿಗೆ ಕೊಟ್ಟ ಉತ್ತರವನ್ನು ಅವಳಿಗೆ ಕೊಡಲು ನನ್ನಿಂದ ಆಗಲಿಲ್ಲ.

ಅಂದಿನಿಂದ ನಾನು ಕೇಳಿ ತಿಳಿದುಕೊಳ್ಳಲು ಶುರು ಮಾಡಿದೆ. ನಿವೃತ್ತ ಇತಿಹಾಸ ಉಪನ್ಯಾಸಕರೊಬ್ಬರು ಗುರುಗಳಾಗಿ ಸಿಕ್ಕರು. ಸೂರ್ಯಚಂದ್ರರೆಂದರೆ ಅವರು ಇರುವವರೆಗೆ ಈ ದಾನ ನಡೆಯಲಿ ಎಂದರ್ಥ. ಎಷ್ಟೋ ಶಾಸನಗಳಲ್ಲಿ ಕೆರೆಗೆ ಬಿಟ್ಟ ಭೂಮಿಯ ಲೆಕ್ಕವಿರುತ್ತದೆ. ಕೆರೆ ಕಟ್ಟಿಸಿದವನಿಗೆ ಮತ್ತು ಅದನ್ನು ನೋಡಿಕೊಳ್ಳುವವನಿಗೆ ಕೊಟ್ಟ ಮಾನ್ಯಕ್ಕೆ ಕಟ್ಟುಗೊಡಗೆ ಎಂದೂ ಬಿತ್ತುವಟ್ಟ ಎಂದೂ ಹೆಸರು. ಹೂಳು ತೆಗೆಯುವ, ಏರಿ ಗಟ್ಟಿ ಮಾಡುವ ಖರ್ಚಿಗೆ ಕಾಯಂ ಆದಾಯ ಇಟ್ಟು ಹೋಗಿದ್ದರು ಅಂದಿನವರು. ನಾವು ಇಂದು ಕೆರೆ ಕಟ್ಟುತ್ತೇವೆ, ನಿರ್ವಹಣೆಗೆ ಅನುದಾನ ಇಲ್ಲವೆಂದು ಫೈಲು ಮುಚ್ಚುತ್ತೇವೆ. ನನ್ನ ಇಡೀ ಸೇವೆಯಲ್ಲಿ ನಾನು ಕಲಿಯದ ಪಾಠ ಬಹುಶಃ ನಾನೇ ಒಡೆಸಿದ ಕಲ್ಲಿನಲ್ಲಿತ್ತು. ಶಾಸನದ ಕೊನೆಗೆ ಇದನ್ನು ಕೆಡಿಸಿದವನಿಗೆ ಪಾಪ ತಟ್ಟಲೆಂದು ಬರೆದಿರುತ್ತಾರೆ. ಶಾಪವನ್ನು ನಾನು ನಂಬುವುದಿಲ್ಲ. ಆದರೂ ಆ ಮಾತನ್ನು ಗುರುಗಳು ಓದಿ ಹೇಳಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ಆಮೇಲೊಮ್ಮೆ ಆ ಕಾಲುವೆಯ ಏರಿಯ ಮೇಲೆ ಒಂದು ಮೈಲು ನಡೆದು ಹುಡುಕಿದೆ. ಅಕ್ಷರದ ಮುಖ ಒಳಗಾಗಿ ಹೂತಿರಬೇಕು. ಒಂದು ತುಂಡೂ ಸಿಗಲಿಲ್ಲ.

ಶ್ರಾವಣದ ಆ ಪ್ರಶ್ನೆಯ ನಂತರ ನಾನು ಮಠದ ಪೂಜ್ಯರ ಬಳಿ ಒಂದು ಬೇಡಿಕೆ ಇಟ್ಟೆ. ಅವರು ಸಂತೋಷದಿಂದ ಒಪ್ಪಿದರು. ಉಚಿತ ಪ್ರಸಾದ ನಿಲಯದ ನಲವತ್ತು ಮಕ್ಕಳನ್ನು ಒಂದು ಭಾನುವಾರ ಮ್ಯೂಸಿಯಂಗೆ ಕರೆದೊಯ್ದೆವು. ನಮ್ಮ ಉಪನ್ಯಾಸಕರು ಒಂದೊಂದು ಕಲ್ಲಿನ ಮುಂದೆ ಹತ್ತು ನಿಮಿಷ ನಿಂತು ಹೇಳಿದರು. ಮಕ್ಕಳು ಹಳೆಯ ಅಕ್ಷರಗಳಲ್ಲಿ ‘ಕ’ ಯಾವುದು, ‘ಮ’ ಯಾವುದು ಎಂದು ಹುಡುಕಿ ಪಟ್ಟಿ ಮಾಡಿದರು. ಪ್ರಶ್ನೆ ಕೇಳಿದ್ದ ಹುಡುಗ ಅಂದು ಕೊನೆಯವರೆಗೆ ಗುರುಗಳ ಮಗ್ಗುಲು ಬಿಡಲಿಲ್ಲ. ಖರ್ಚಾದದ್ದು ಬಸ್ಸಿನ ಡೀಸೆಲ್, ಎರಡು ಬುಟ್ಟಿ ಬಾಳೆಹಣ್ಣು, ಮಧ್ಯಾಹ್ನಕ್ಕೆ ಕಟ್ಟಿಕೊಂಡು ಹೋದ ರೊಟ್ಟಿ ಪಲ್ಯ.

ಇದನ್ನು ನಮ್ಮ ಎಲ್ಲ ಮಠಗಳೂ ಮಾಡಬೇಕು ಎಂಬುದು ನನ್ನ ವಿನಂತಿ. ಉಚಿತ ಎಂದಾಗ ಬಾಗಿಲ ದುಡ್ಡಿನ ಮಾತು ಅಷ್ಟು ದೊಡ್ಡದಲ್ಲ. ಪುರಾತತ್ವ ಇಲಾಖೆಯ ಇಂಥ ಮ್ಯೂಸಿಯಂಗಳಿಗೆ ಪ್ರವೇಶ ಐದು ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಅದೂ ಇಲ್ಲ. ಮೇ 18ರ ಅಂತರರಾಷ್ಟ್ರೀಯ ಮ್ಯೂಸಿಯಂ ದಿನ ಎಲ್ಲರಿಗೂ ಬಾಗಿಲು ತೆರೆದಿರುತ್ತದೆ. ಆದರೆ ಮೇ ತಿಂಗಳಲ್ಲಿ ನಮ್ಮ ಕಡೆ ಕೆಂಡದಂಥ ಬಿಸಿಲು, ಶಾಲೆಗೆ ರಜೆ. ಬಾಗಿಲು ತೆರೆದರೂ ಬರುವವರಿಲ್ಲ, ಬಂದವರಿಗೆ ಹೇಳುವವರಿಲ್ಲ. ನಮ್ಮ ಜನಕ್ಕೆ ಉಚಿತವಾಗಿ ಸಿಗಬೇಕಾದದ್ದು ಆ ಹೇಳುವ ಬಾಯಿ. ಅಚ್ಚ ಕನ್ನಡದಲ್ಲಿ, ಕೂಲಿ ಮಾಡುವ ತಾಯಿಗೂ ತಿಳಿಯುವಂತೆ, ಕಲ್ಲನ್ನು ಓದಿ ಹೇಳುವ ಬಾಯಿ.

ಈ ಮಾತಿಗೆ ಬರುವ ಆಕ್ಷೇಪಗಳು ನನಗೆ ಗೊತ್ತಿವೆ. ಶರಣರು ಸ್ಥಾವರವನ್ನು ಬಿಟ್ಟು ಜಂಗಮವನ್ನು ಎತ್ತಿ ಹಿಡಿದವರು, ನಮಗೇಕೆ ಕಲ್ಲಿನ ಗೊಡವೆ ಎಂದು ಬಲ್ಲವರೇ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ನಾನು ಕಲ್ಲನ್ನು ಪೂಜಿಸಿ ಎಂದು ಹೇಳುತ್ತಿಲ್ಲ, ಓದಿ ಎಂದು ಹೇಳುತ್ತಿದ್ದೇನೆ. ಪೂಜೆ ಮಾಡಿಯೇ ನಾವು ಕಳೆದುಕೊಂಡದ್ದು ಹೆಚ್ಚು. ತಾಳೆಗರಿಯ ಕಟ್ಟುಗಳನ್ನು ಜಗಲಿಯ ಮೇಲಿಟ್ಟು ವಿಭೂತಿ ಹಚ್ಚಿ, ಹೂವೇರಿಸಿ, ಬಿಚ್ಚದೆ ತಲೆಮಾರುಗಟ್ಟಲೆ ಕಾಯ್ದೆವು. ಒಂದು ಮಠದಲ್ಲಿ ನಾನೇ ಕಣ್ಣಾರೆ ಕಂಡೆ, ಬಟ್ಟೆ ಬಿಚ್ಚಿದರೆ ಒಳಗೆ ಗೆದ್ದಲಿನ ಮಣ್ಣು ಬಿಟ್ಟು ಬೇರೇನೂ ಇರಲಿಲ್ಲ. ಬಿಚ್ಚಿ, ಧೂಳು ಒರೆಸಿ, ನಿಂಬೆಹುಲ್ಲಿನ ಎಣ್ಣೆ ಸವರಿ, ಓದಿದ್ದರೆ ಅದು ಉಳಿಯುತ್ತಿತ್ತು. ಓದುವವನ ಬಾಯಲ್ಲಿ ಬಂದಾಗ ಕಲ್ಲು, ಗರಿ ಎರಡೂ ಜಂಗಮವಾಗುತ್ತವೆ ಎಂದು ನಾನು ತಿಳಿದಿದ್ದೇನೆ.

ಇದು ಸರಕಾರದ ಕೆಲಸ, ಮಠದ್ದಲ್ಲ ಎನ್ನುವವರೂ ಇದ್ದಾರೆ. ಸರಕಾರಿ ನೌಕರನಾಗಿದ್ದ ನಾನೇ ಹೇಳುತ್ತೇನೆ: ಸರಕಾರ ಕಟ್ಟಡ ಕೊಡುತ್ತದೆ, ಕಾವಲು ಕೊಡುತ್ತದೆ, ಜೀವ ತುಂಬಬೇಕಾದವರು ಜನ. ಫ.ಗು. ಹಳಕಟ್ಟಿಯವರು ಸರಕಾರಕ್ಕೆ ಕಾಯಲಿಲ್ಲ. ಇದೇ ವಿಜಯಪುರದಲ್ಲಿ ವಕೀಲಿ ಮಾಡುತ್ತ, ಊರೂರು ತಿರುಗಿ ತಾಳೆಗರಿ ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದರು. ಸ್ವಂತ ಮನೆ ಮಾರಿ ಅಚ್ಚುಕೂಟ ಹಾಕಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರು ಮಾಡಿದರು. ಹರ್ಡೇಕರ್ ಮಂಜಪ್ಪನವರು 1913ರಲ್ಲಿ ದಾವಣಗೆರೆಯಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಿದಾಗಲೂ ಯಾವ ಸರಕಾರದ ಆದೇಶವೂ ಇರಲಿಲ್ಲ. 1993ರ ಹೊತ್ತಿಗೆ ಸಮಗ್ರ ವಚನ ಸಂಪುಟಗಳು ಹದಿನೈದಾಗಿ ಸರಕಾರದಿಂದಲೇ ಬಂದವು ನಿಜ. ಅದರ ಅಡಿಪಾಯದ ಕಲ್ಲು ಹೊತ್ತವರು ಮಾತ್ರ ಮನೆ ಮಾರಿದ ಇಂಥವರು.

ಇನ್ನೊಂದು ಮಾತು. ನಮ್ಮ ಧರ್ಮದ ಸ್ವತಂತ್ರ ಅಸ್ತಿತ್ವದ ಬಗ್ಗೆ, ಹೆಸರಿನ ಬಗ್ಗೆ ನಾವು ವರ್ಷಗಟ್ಟಲೆ ವಾದಿಸುತ್ತಿದ್ದೇವೆ. ವಾಟ್ಸಾಪಿನಲ್ಲಿ ದಿನಕ್ಕೊಂದು ಇತಿಹಾಸ ಹುಟ್ಟುತ್ತದೆ. ನಮ್ಮ ಕಡೆಯ ಸುಳ್ಳೂ ಅದರಲ್ಲಿ ಇರುತ್ತದೆ, ಒಪ್ಪಿಕೊಳ್ಳೋಣ. ಇತಿಹಾಸದ ಮೇಲೆ ಹಕ್ಕು ಕೇಳುವವರು ಇತಿಹಾಸದ ಸಾಕ್ಷಿಯನ್ನು ಕಾಪಾಡಬೇಕು, ಅದು ನಮಗೆ ಅನುಕೂಲವಾಗಿದ್ದರೂ ಇಲ್ಲದಿದ್ದರೂ ಓದಬೇಕು. ಮ್ಯೂಸಿಯಂನಲ್ಲಿ ಜಿನನ ಪಕ್ಕದಲ್ಲಿ ಶಿವ, ಶಿವನ ಎದುರಿಗೆ ಫಾರಸಿ ಫರ್ಮಾನು ಜಗಳವಿಲ್ಲದೆ ಕುಳಿತಿವೆ. ಮಕ್ಕಳು ಅದನ್ನು ನೋಡಿ ಬೆಳೆಯಲಿ. ನಮ್ಮ ಕಾರ್ಯಕ್ರಮಕ್ಕೆ ಎಲ್ಲ ಓಣಿಯ, ಎಲ್ಲ ಧರ್ಮದ ಮಕ್ಕಳೂ ಬರಲಿ. ನಮ್ಮವರಿಗಷ್ಟೇ ಬಡಿಸುವುದಾದರೆ ಅದಕ್ಕೆ ದಾಸೋಹ ಎಂಬ ಹೆಸರು ಬೇಡ.

ಇಂಜಿನಿಯರ್ ಆದ್ದರಿಂದ ಅಂದಾಜುಪಟ್ಟಿ ಇಲ್ಲದೆ ಮಾತು ಮುಗಿಸಲಾರೆ. ಪ್ರತಿ ಮಠ ತನ್ನ ಹತ್ತಿರದ ಒಂದು ಮ್ಯೂಸಿಯಂ ಆರಿಸಿಕೊಳ್ಳಲಿ. ತಿಂಗಳಿಗೊಂದು ಭಾನುವಾರ ಎರಡು ತಾಸು ಸಾಕು. ಶುಕ್ರವಾರ ಪುರಾತತ್ವ ಇಲಾಖೆಯ ಮ್ಯೂಸಿಯಂಗಳಿಗೆ ರಜೆ ಇರುತ್ತದೆ, ನೆನಪಿರಲಿ. ಅಧಿಕಾರಿಗಳಿಗೆ ಮೊದಲೇ ಪತ್ರ ಬರೆದು ಅನುಮತಿ ಪಡೆಯಿರಿ. ನವೆಂಬರ್ 19ರಿಂದ 25ರವರೆಗೆ ವಿಶ್ವ ಪರಂಪರೆ ಸಪ್ತಾಹ ಬರುತ್ತದೆ, ಹವೆ ತಂಪು, ಶಾಲೆ ನಡೆದಿರುತ್ತವೆ. ದೊಡ್ಡ ಕಾರ್ಯಕ್ರಮಕ್ಕೆ ಅದೇ ಸರಿಯಾದ ಸಮಯ. ನಿವೃತ್ತ ಶಿಕ್ಷಕರು ಪ್ರತಿ ಊರಲ್ಲಿದ್ದಾರೆ, ಕರೆದರೆ ಬರುತ್ತಾರೆ. ಕನ್ನಡ ಸಾಹಿತ್ಯ ಪರಿಷತ್ತು ಶಾಸನಶಾಸ್ತ್ರ ಕಲಿಸುತ್ತದೆ. ಮಠವೊಂದು ವರ್ಷಕ್ಕೆ ಒಬ್ಬ ಯುವಕನಿಗೋ ಯುವತಿಗೋ ಆ ಕಲಿಕೆಯ ಖರ್ಚು ಕೊಟ್ಟರೆ ಹತ್ತು ವರ್ಷದಲ್ಲಿ ಹತ್ತು ಓದುವ ಕಣ್ಣು ಸಿದ್ಧವಾಗುತ್ತವೆ. ಮಠದ ಕಪಾಟಿನಲ್ಲಿರುವ ತಾಳೆಗರಿ, ಕಾಗದ, ಅಂಗಳದಲ್ಲಿ ಬಿದ್ದಿರುವ ಕಲ್ಲುಗಳ ಒಂದು ಪಟ್ಟಿಯನ್ನು ಫೋಟೋ ಸಮೇತ ಇದೇ ವರ್ಷ ಮಾಡಿಬಿಡಿ. ಇದಕ್ಕೆಲ್ಲ ಬೇಕಾದ ಹಣ ಒಂದು ಜಾತ್ರೆಯ ಮಂಟಪದ ಅಲಂಕಾರಕ್ಕಿಂತ ಕಡಿಮೆ.

ಅನ್ನ ದಾಸೋಹದಲ್ಲಿ ನಮ್ಮ ಮಠಗಳು ನಾಡಿಗೇ ಮಾದರಿ. ಅಕ್ಷರ ದಾಸೋಹದಲ್ಲೂ ಹಿಂದೆ ಬಿದ್ದಿಲ್ಲ. ಆ ಮನೆಗೆ ಇನ್ನೊಂದು ಅಂಕಣ ಸೇರಿಸಿ ಎಂದಷ್ಟೇ ನಾನು ಬೇಡುವುದು.

ಆ ಹುಡುಗ ಈಗ ಹತ್ತನೇ ಇಯತ್ತೆ. ಮೊನ್ನೆ ಸಿಕ್ಕಾಗ ತನ್ನ ಅಜ್ಜಿಯ ಊರಿನ ಬಾವಿಕಟ್ಟೆಯ ಮೇಲೆ ಅರಿವೆ ಒಗೆಯುವ ಕಲ್ಲೊಂದರಲ್ಲಿ ಅಕ್ಷರ ಇವೆ ಎಂದ. ‘ಫೋಟೋ ಹೊಡಕೊಂಡು ಬಂದೀನ್ರಿ ಅಜ್ಜಾರ, ಯಾರಿಗೂ ಒಡೀಬ್ಯಾಡ್ರಿ ಅಂತ ಹೇಳಿ ಬಂದೀನಿ’ ಎಂದ. ಬರುವ ಭಾನುವಾರ ನಾನು, ಗುರುಗಳು, ಅವನು ಮೂವರೂ ಆ ಊರಿಗೆ ಹೋಗುವವರಿದ್ದೇವೆ.