ಫೆಬ್ರವರಿ ತಿಂಗಳ ಮುನ್ನೂರು ರೂಪಾಯಿ



"ವರ್ಷಕ್ಕೆ ನೂರು ರೂಪಾಯಿ ಯಾವ ಮಹಾ ದುಡ್ಡು ಮೇಷ್ಟ್ರೇ?" ಎಂದು ಆಳುವ ಪಕ್ಷದವರೊಬ್ಬರು ಮೊನ್ನೆ ಚಹದ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ನನ್ನನ್ನು ಕೇಳಿದರು. ಉತ್ತರವನ್ನು ಅಲ್ಲಿಯೇ ಕೊಟ್ಟಿದ್ದೇನೆ. ಆದರೆ ಚಹದಂಗಡಿಯ ಉತ್ತರ ಗದ್ದಲದಲ್ಲಿ ಕರಗಿಹೋಗುತ್ತದೆ. ಆದುದರಿಂದ ಲೆಕ್ಕಸಹಿತ ಇಲ್ಲಿ ಬರೆಯುತ್ತಿದ್ದೇನೆ.

ವಿಷಯ ವೃತ್ತಿ ತೆರಿಗೆಯದು. ನಮ್ಮ ರಾಜ್ಯದ 1976ರ ವೃತ್ತಿ ತೆರಿಗೆ ಕಾಯಿದೆಗೆ ಸರ್ಕಾರ 2025ರಲ್ಲಿ ತಿದ್ದುಪಡಿ ತಂದಿತು. ತಿಂಗಳಿಗೆ 25,000 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟು ಸಂಬಳ ಪಡೆಯುವವನಿಂದ ಹನ್ನೊಂದು ತಿಂಗಳು 200ರಂತೆ, ಫೆಬ್ರವರಿಯಲ್ಲಿ ಮಾತ್ರ 300 ರೂಪಾಯಿ ಮುರಿದುಕೊಳ್ಳಬೇಕು. ವರ್ಷಕ್ಕೆ 2,400 ಇದ್ದದ್ದು 2,500 ಆಯಿತು. ಹನ್ನೆರಡು ತಿಂಗಳಲ್ಲಿ ಆರಿಸಿದ್ದು ನೋಡಿ, ಫೆಬ್ರವರಿ! ದಿನದ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ಗಳಿಕೆ ಕಡಿಮೆಯಾಗುವ ತಿಂಗಳೇ ಅದು. ಮನೆ ಬಾಡಿಗೆ ಮಾತ್ರ ಇಪ್ಪತ್ತೆಂಟು ದಿನಕ್ಕೂ ಪೂರ್ತಿಯೇ.

ನುರಿತ ಗಿರಣಿ ಕಾರ್ಮಿಕನೊಬ್ಬನ ಚೀಟಿಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಒಟ್ಟು ಪಗಾರ 26,000. ಮೂಲವೇತನ, ತುಟ್ಟಿಭತ್ಯೆ ಸೇರಿ 15,000ಕ್ಕೆ ಕಡಿಮೆಯಿಲ್ಲವೆಂದರೆ ಪಿ.ಎಫ್. 1,800. ವೃತ್ತಿ ತೆರಿಗೆ 200. ಕೈಗೆ ಬಂದದ್ದು 24,000. ಫೆಬ್ರವರಿಯಲ್ಲಿ 23,900. ಅದೇ ಗಿರಣಿಯ ನಿರ್ದೇಶಕನೊಬ್ಬನಿಗೆ ತಿಂಗಳಿಗೆ ಹತ್ತು ಲಕ್ಷ ಸಂಬಳವೆಂದು ತಿಳಿಯಿರಿ. ಅವನ ವೃತ್ತಿ ತೆರಿಗೆ ಎಷ್ಟು? ಅದೇ 200. ಫೆಬ್ರವರಿಯಲ್ಲಿ ಅದೇ 300. ಕಾರ್ಮಿಕ 130 ರೂಪಾಯಿ ದುಡಿದರೆ ಒಂದು ರೂಪಾಯಿ ತೆರಿಗೆ ಕೊಡುತ್ತಾನೆ. ನಿರ್ದೇಶಕ 5,000 ರೂಪಾಯಿ ಎಣಿಸಿಕೊಂಡ ಮೇಲೆ ಒಂದು ರೂಪಾಯಿ ಕೊಡುತ್ತಾನೆ. ಇದಕ್ಕೆ ಸಮಾನತೆ ಎಂದು ಹೆಸರಿಡುವವರೂ ಇದ್ದಾರೆ!

ಸರ್ಕಾರದ ಕಡೆಯ ವಾದವನ್ನೂ ಹೇಳಿಬಿಡುತ್ತೇನೆ. ಸಂವಿಧಾನದ 276ನೆಯ ವಿಧಿ ಈ ತೆರಿಗೆಗೆ ಮಿತಿ ಹಾಕಿದೆ. ಮೊದಲು ವರ್ಷಕ್ಕೆ 250 ರೂಪಾಯಿ ಇದ್ದದ್ದನ್ನು 1988ರ ಅರವತ್ತನೆಯ ತಿದ್ದುಪಡಿ 2,500ಕ್ಕೆ ಏರಿಸಿತು. ಅದಕ್ಕಿಂತ ಹೆಚ್ಚಿಗೆ ನಿರ್ದೇಶಕನಿಂದಲೂ ವಸೂಲು ಮಾಡುವಂತಿಲ್ಲ, ನಮ್ಮ ಕೈ ಕಟ್ಟಿದೆ ಎನ್ನುತ್ತಾರೆ. ಮಾತು ನಿಜ. ಆದರೆ ಸಂವಿಧಾನ ಹೇಳಿದ್ದು ಇದಕ್ಕಿಂತ ಮೇಲೆ ಹೋಗಬೇಡ ಎಂದು. 25,000ದವನನ್ನೂ ಎತ್ತಿ ಅದೇ ಮೇಲಿನ ಮೆಟ್ಟಿಲಿಗೆ ಕೂರಿಸು ಎಂದು ಎಲ್ಲಿ ಹೇಳಿದೆ? ಪಶ್ಚಿಮ ಬಂಗಾಳದಲ್ಲಿ 25,000ದಿಂದ 40,000ದವರೆಗಿನವನಿಗೆ 150, ಅದರ ಮೇಲಿನವನಿಗೆ 200 ಎಂದು ಮೆಟ್ಟಿಲು ಕಟ್ಟಿದ್ದಾರೆ. (ಅಲ್ಲಿ 10,000 ದಾಟಿದೊಡನೆ ತೆರಿಗೆ ಶುರುವಾಗುತ್ತದೆ, ಅದನ್ನು ನಾನು ಹೊಗಳುತ್ತಿಲ್ಲ.) ನಮ್ಮಲ್ಲಿ 2023ರಲ್ಲಿ ವಿನಾಯಿತಿಯನ್ನು 15,000ದಿಂದ 25,000ಕ್ಕೆ ಏರಿಸಿದರು. ಕೊಟ್ಟದ್ದನ್ನು ಕೊಟ್ಟರೆಂದೇ ಹೇಳಬೇಕು, ಅದು ಒಳ್ಳೆಯ ಕೆಲಸ. ಆದರೆ ಮೆಟ್ಟಿಲು ಕಟ್ಟುವ ಬದಲು ಗೋಡೆ ಕಟ್ಟಿದರು.

ಗೋಡೆ ಏಕೆಂದೆ ಎಂದು ಕೇಳಿ. 24,950 ಪಗಾರದವನಿಗೆ ತೆರಿಗೆ ಇಲ್ಲ. ಸಂಘ ಹೋರಾಡಿ ನೂರು ರೂಪಾಯಿ ಬಡ್ತಿ ತಂದಿತು, ಪಗಾರ 25,050 ಆಯಿತು. ಕೂಡಲೇ 200 ರೂಪಾಯಿ ಹಾರಿತು. ಬಡ್ತಿ ಸಿಕ್ಕಿದ ತಿಂಗಳು ಅವನ ಹೆಂಡತಿಯ ಕೈಗೆ ಹಿಂದಿಗಿಂತ ನೂರು ರೂಪಾಯಿ ಕಡಿಮೆ! ಫೆಬ್ರವರಿಯಾದರೆ ಇನ್ನೂರು. "ನನಗೆ 22,000, ನನಗೇನು?" ಎನ್ನುವ ತಮ್ಮಂದಿರು ಇದನ್ನು ಗಮನಿಸಬೇಕು. ಬೆಲೆ ಏರಿದಂತೆ ತುಟ್ಟಿಭತ್ಯೆ ಏರುತ್ತದೆ. 25,000ದ ಗೋಡೆ ನಿಂತಲ್ಲೇ ನಿಂತಿರುತ್ತದೆ. ವಿಧಾನಸಭೆ ಒಂದು ಅಕ್ಷರ ತಿದ್ದದೆ ಇದ್ದರೂ ತೆರಿಗೆ ನಿಮ್ಮ ಮನೆ ಬಾಗಿಲಿಗೆ ನಡೆದು ಬರುತ್ತದೆ.

ಅಂಗಡಿಕಾರರ ಮಾತಿಗೆ ಬರುತ್ತೇನೆ. ಜಿ.ಎಸ್.ಟಿ. ನೋಂದಣಿ ಇರುವ ಕಿರಾಣಿ ಅಂಗಡಿಯವನೂ ವರ್ಷಕ್ಕೆ 2,500 ಕಟ್ಟಬೇಕು, ದೊಡ್ಡ ಕಂಪನಿಯ ಶಾಖೆಯೂ 2,500. ಗಿರಣಿಯವನಿಗೂ ನಿಮಗೂ ಒಂದೇ ಗಾಣ. ಅದೂ ಅಲ್ಲದೆ, ಬಟವಾಡೆಯ ದಿನ ಕಡಿಮೆಯಾದ ನೂರು ರೂಪಾಯಿ ಎಲ್ಲಿ ಕಡಿಮೆಯಾಗುತ್ತದೆಂದು ನಿಮಗಿಂತ ಚೆನ್ನಾಗಿ ಬಲ್ಲವರಾರು? ಬಾಡಿಗೆಯನ್ನು ಕಡಿಮೆ ಮಾಡಲಾಗದು, ಸಾಲದ ಕಂತನ್ನು ಕಡಿಮೆ ಮಾಡಲಾಗದು. ಎಣ್ಣೆ ಅರ್ಧ ಲೀಟರಿಗೆ ಇಳಿಯುತ್ತದೆ, ಬೇಳೆ ಉದ್ರಿ ಪುಸ್ತಕಕ್ಕೆ ಏರುತ್ತದೆ. ಸರ್ಕಾರದ ವಸೂಲಿಯ ಬಾಕಿಯನ್ನು ನೀವು ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳುತ್ತೀರಿ.

ಹಾಗೆಂದು ಚೀಟಿಯಲ್ಲಿನ ಕಡಿತವೆಲ್ಲ ಶತ್ರುವೆಂದು ತಿಳಿಯಬಾರದು. ಇಲ್ಲಿಯೇ ನಮ್ಮವರು ಮೋಸ ಹೋಗುವುದು. ಪಿ.ಎಫ್. ಕಾಯಿದೆ 1952ರಲ್ಲಿ ಮೊದಲು ಹಿಡಿದ ಆರು ಕೈಗಾರಿಕೆಗಳಲ್ಲಿ ಬಟ್ಟೆ ಗಿರಣಿಯೂ ಒಂದು. ಆಗ ಶೇಕಡಾ 6.25 ಮುರಿಯುತ್ತಿದ್ದರು, 1997ರಿಂದ 12. ಕೈಗೆ ಬರುವ ದುಡ್ಡು ಕಡಿಮೆಯಾಯಿತು, ನಿಜ. ಆದರೆ ಮಾಲೀಕನೂ ಅಷ್ಟೇ ಹಾಕಬೇಕಾಯಿತು, ಹಣ ನಿಮ್ಮ ಹೆಸರಿನಲ್ಲಿ ನಿಂತಿತು. 2020ರ ಮೇ, ಜೂನ್, ಜುಲೈ ತಿಂಗಳುಗಳಲ್ಲಿ ಕೇಂದ್ರ ಸರ್ಕಾರ ಇದನ್ನು 10ಕ್ಕೆ ಇಳಿಸಿ, ನೌಕರರ ಕೈಗೆ ಹೆಚ್ಚು ಹಣ ಕೊಟ್ಟೆವೆಂದು ಡಂಗುರ ಹೊಡೆಯಿತು. 15,000ದ ಮೇಲೆ ತಿಂಗಳಿಗೆ 300 ಹೆಚ್ಚಿಗೆ ಬಂತು, ಹೌದು. ಖಾಸಗಿ ಗಿರಣಿಯ ಮಾಲೀಕನ ಪಾಲೂ 300 ಇಳಿಯಿತಲ್ಲ, ಅದು ಯಾರಿಗೆ ಉಳಿಯಿತು? ಮೂರು ತಿಂಗಳಲ್ಲಿ ಖಾತೆಗೆ 1,800 ಕಡಿಮೆ ಜಮೆ. ಕಾರ್ಮಿಕನ ಕೈಗೆ 900, ಮಾಲೀಕನ ಗಲ್ಲಾಪೆಟ್ಟಿಗೆಗೆ 900. ನಾನು ಮೇಷ್ಟರಾಗಿದ್ದ ಶಾಲೆಯೊಂದರಲ್ಲಿ ಆಡಳಿತದವರು ನಮ್ಮ ಪಾಲನ್ನು ಮುರಿದು ಎಂಟು ತಿಂಗಳು ಕಟ್ಟದೆಯೇ ಕುಳಿತಿದ್ದರು. ಪುಸ್ತಕ ತೆಗೆಸಿ ನೋಡಿದ ಮೇಲೆಯೇ ತಿಳಿದದ್ದು. ಪಿ.ಎಫ್. ವಿಷಯದಲ್ಲಿ ಕೇಳಬೇಕಾದದ್ದು ಕಟ್ಟಿದರೋ ಇಲ್ಲವೋ ಎಂಬುದು. ವೃತ್ತಿ ತೆರಿಗೆಯ ವಿಷಯದಲ್ಲಿ ಕೇಳಬೇಕಾದದ್ದು ಏಕೆ ಎಂಬುದು.

1957ರಲ್ಲಿ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಅಗತ್ಯಾಧಾರಿತ ಕನಿಷ್ಠ ಕೂಲಿಯ ಅಳತೆ ಹಾಕಿಕೊಟ್ಟಿತು: ಮೂರು ಪಾಲಿನ ಊಟ, ತಲಾ 2,700 ಕ್ಯಾಲೊರಿ, ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಸೌದೆ, ದೀಪ ಮುಂತಾದ್ದಕ್ಕೆ ಕೂಲಿಯಲ್ಲಿ ಶೇಕಡಾ 20. ಆ ಲೆಕ್ಕದಲ್ಲಿ ವೃತ್ತಿ ತೆರಿಗೆಗೆ ಕಲಮೇ ಇಲ್ಲ. ಅಂದರೆ ಈ 2,500 ಹೊರಡುವುದು ಊಟದ ಕಲಮಿನಿಂದ, ಇಲ್ಲವೇ ಬಟ್ಟೆಯ ಕಲಮಿನಿಂದ. ನಮ್ಮ ಸಂಘಗಳೂ ಇಂದಿನವರೆಗೆ ಒಟ್ಟು ಪಗಾರದ ಮೇಲೆ ಚೌಕಾಸಿ ಮಾಡುತ್ತ ಬಂದಿವೆ. ಕೈಗೆ ಬಂದದ್ದೆಷ್ಟು ಎಂಬುದನ್ನು ಒಪ್ಪಂದದ ಹಾಳೆಯಲ್ಲಿ ಬರೆಸಿಲ್ಲ. ಇದು ನಮ್ಮದೇ ತಪ್ಪು.

ನಾವು ಕೇಳುವುದು ಇಷ್ಟು. 40,000ದವರೆಗೆ ವೃತ್ತಿ ತೆರಿಗೆ ಬೇಡ. ಅದರ ಮೇಲೆ ಮೆಟ್ಟಿಲು ಇರಲಿ, 2,500 ಎಂಬುದು ಲಕ್ಷ ದಾಟಿದವನಿಗೆ ಮಾತ್ರ ಇರಲಿ. ವಿನಾಯಿತಿಯ ಮಿತಿ ತುಟ್ಟಿಭತ್ಯೆಯೊಡನೆ ತಾನೇ ಏರಲಿ. ಸಣ್ಣ ಅಂಗಡಿಗೆ ಅದರ ವ್ಯಾಪಾರದ ಅಳತೆಗೆ ತಕ್ಕ ದರವಿರಲಿ. ಈ ಬೇಡಿಕೆಯನ್ನು ಜಿಲ್ಲಾಧಿಕಾರಿಗಳಿಗೆ ಕೊಡುವ ಮೊದಲು ಕಾಗದದ ಆಧಾರ ಬೇಕು. ಜನವರಿ ಮತ್ತು ಫೆಬ್ರವರಿ ತಿಂಗಳ ಪಗಾರ ಚೀಟಿಗಳನ್ನು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಪಕ್ಷದ ಕಚೇರಿಗೆ ತನ್ನಿ. ಅಂಗಡಿಕಾರರು ತೆರಿಗೆ ಕಟ್ಟಿದ ರಸೀತಿ ತನ್ನಿ. ಚೀಟಿಯನ್ನೇ ಕೊಡದ ಮಾಲೀಕರಿದ್ದರೆ ಖಾತೆಯ ಹೆಸರು ಬರೆದು ತನ್ನಿ, ಅದು ಬೇರೆ ಜಗಳ.