ಅವಳ ಲೆಕ್ಕದ ವಹಿ ಎಲ್ಲಿ?

ಮೊನ್ನೆ ಧಾರವಾಡದ ಒಂದು ಬಾಡಿಗೆ ಖೋಲಿಯಲ್ಲಿ ಹದಿನೈದು ಮಂದಿ ಕೂತು ಒಂದು ಅಮೆರಿಕನ್ ಸಿನಿಮಾ ನೋಡಿದೆವು. ಹಾಸ್ಟೆಲಿನ ಹುಡುಗ ಹುಡುಗಿಯರು, ಹಳ್ಳಿ ಸಾಲೆಯ ಇಬ್ಬರು ಮಾಸ್ತರರು, ಉಳಿದವರು ಸಂಘಟನೆಯ ಗೆಳೆಯರು. ಸಿನಿಮಾದ ಹೆಸರು ‘ದಿ ಗರ್ಲ್‌ಫ್ರೆಂಡ್ ಎಕ್ಸ್‌ಪೀರಿಯೆನ್ಸ್’. ಸ್ಟೀವನ್ ಸೋಡರ್‌ಬರ್ಗ್ 2009ರಲ್ಲಿ ತಂದದ್ದು.

ಕಥೆ ಇಷ್ಟೆ. ನ್ಯೂಯಾರ್ಕಿನ ಒಬ್ಬ ಹೆಣ್ಣುಮಗಳು ಶ್ರೀಮಂತರ ಜೊತೆ ತಾಸಿನ ಲೆಕ್ಕದಲ್ಲಿ ಇದ್ದು ಬರುತ್ತಾಳೆ. ಊಟ, ಮಾತು, ಹಾಸಿಗೆ, ಮೇಲೆ ಗೆಳತಿಯ ನಟನೆ, ಎಲ್ಲ ಸೇರಿ ಒಂದು ದರ. 2008ರ ಸೆಪ್ಟೆಂಬರ್ 15ರಂದು ಲೇಮನ್ ಬ್ರದರ್ಸ್ ದಿವಾಳಿ ಎದ್ದಿತಲ್ಲ, ಅದರ ಮರುತಿಂಗಳು ಈ ಸಿನಿಮಾ ತೆಗೆದರು. ಅವಳ ಹತ್ತಿರ ಬರುವ ಗಂಡಸರಿಗೆ ಹಾಸಿಗೆಗಿಂತ ಷೇರುಪೇಟೆಯ ಚಿಂತೆ ದೊಡ್ಡದು. ಕಥೆ ಹಿಂದುಮುಂದಾಗಿ ಓಡುತ್ತದೆ. ಕ್ಯಾಮೆರಾ ದೂರ ನಿಂತು ನೋಡುತ್ತದೆ. ಪ್ರತಿ ಭೇಟಿಯ ನಂತರ ಅವಳು ದಿನಾಂಕ ಹಾಕಿ ಒಪ್ಪಿಸುತ್ತಾಳೆ: ಇಂಥವನ ಜೊತೆ ಇದ್ದೆ, ಇಂಥ ಬಟ್ಟೆ ಹಾಕಿದ್ದೆ, ಇಂಥ ಮಾತಾಡಿದೆವು. ಕಣ್ಣೀರಿಲ್ಲ. ಕಿರಾಣಿ ಅಂಗಡಿಯ ಖಾತೆ ಓದಿದ ಹಾಗೆ.

ಸಿನಿಮಾ ಮುಗಿದಾಗ ಒಬ್ಬ ಮಾಸ್ತರರು ಅಂದರು: ‘‘ಇದು ನಮ್ಮ ಮಂದಿ ಕಥಿ ಅಲ್ರೀ. ಹೊಟ್ಟಿ ತುಂಬಿದವರ ಆಟ.’’ ಹಿಂದೆ ಕೂತಿದ್ದ ಸವದತ್ತಿ ಕಡೆಯ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು. ‘‘ಸರ್ರ, ಅಕಿ ತನ್ನ ಲೆಕ್ಕಾನರ ತಾ ಇಡ್ತಾಳ. ನಮ್ಮ ಅವ್ವಂದಿರ ಲೆಕ್ಕಾ ಯಾವ ಸಿನಿಮಾದಾಗ ಐತ್ರಿ?’’

ಯಾರೂ ಉತ್ತರ ಕೊಡಲಿಲ್ಲ. ನಾನೂ ಕೊಡಲಿಲ್ಲ. ಆ ಪ್ರಶ್ನೆಗೆ ಈಗ ಬರೆಯುತ್ತಿದ್ದೇನೆ.

ಮಾಸ್ತರರ ಮಾತಿನಲ್ಲಿ ಸುಳ್ಳಿಲ್ಲ. ಪೇಟೆಯನ್ನು ಕೆಡವಿದ ವರ್ಗದ ಗಂಡಸರ ಭಯವನ್ನೇ ಆ ಸಿನಿಮಾ ಹೆಚ್ಚು ಹೊತ್ತು ಕೇಳಿಸುತ್ತದೆ. ಮನೆ ಜಪ್ತಿಯಾದ ಬಡವರು, ಬೀದಿಯಲ್ಲಿ ನಿಂತು ದುಡಿಯುವ ಹೆಂಗಸರು ಅದರೊಳಗೆ ಕಾಣುವುದಿಲ್ಲ. ಆದರೂ ಒಂದು ಪ್ರಾಮಾಣಿಕತೆ ಅದಕ್ಕಿದೆ. ಇದು ರೊಕ್ಕದ ವ್ಯವಹಾರ, ರೊಕ್ಕದ ಮಾತನ್ನೇ ಆಡೋಣ ಎನ್ನುತ್ತದೆ. ಅವಳನ್ನು ಪಾಪಿ ಮಾಡುವುದಿಲ್ಲ, ದೇವತೆಯನ್ನೂ ಮಾಡುವುದಿಲ್ಲ.

ಈಗ ನಮ್ಮ ಮನೆಗೆ ಬನ್ನಿ. 1969ರಲ್ಲಿ ಪುಟ್ಟಣ್ಣ ಕಣಗಾಲ್ ಎಂ.ಕೆ. ಇಂದಿರಾ ಅವರ ಕಾದಂಬರಿಯಿಂದ ‘ಗೆಜ್ಜೆಪೂಜೆ’ ಮಾಡಿದರು. ಕಲ್ಪನಾ ಅಭಿನಯ ಕಂಡು ಇಡೀ ನಾಡು ಅತ್ತಿತು. ನಾನೂ ಅತ್ತವನೇ. ಆದರೆ ಕೊನೆಗೆ ಏನಾಗುತ್ತದೆ? ಓದಿದ, ಮದುವೆಯಾಗಿ ಮರ್ಯಾದೆಯಿಂದ ಬಾಳಬೇಕೆಂದ ಹುಡುಗಿ ಪ್ರಾಣ ಕಳೆದುಕೊಳ್ಳುತ್ತಾಳೆ. ನೋಡಿದವರು ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಾರೆ. ಅವಳು ಬದುಕಿದ್ದರೆ ಸಮಾಜಕ್ಕೆ ತೊಂದರೆ, ಬಾಕಿ ಕೇಳುತ್ತಿದ್ದಳು! ಸತ್ತ ಹೆಣ್ಣು ಬಾಕಿ ಕೇಳುವುದಿಲ್ಲ.

1984ರಲ್ಲಿ ಟಿ.ಎಸ್. ರಂಗ ‘ಗಿದ್ಧ್’ ಮಾಡಿದರು. ಹೆಸರಿನ ಅರ್ಥ ರಣಹದ್ದು. ಸ್ಮಿತಾ ಪಾಟೀಲ, ಓಂ ಪುರಿ ಇದ್ದರು. ಎಲ್ಲಮ್ಮನ ಹೆಸರಿನಲ್ಲಿ ಬಿಟ್ಟ ಹುಡುಗಿಯರು ಮುಂಬೈ ಸೇರುವ ದಾರಿಯನ್ನು ಅದು ಮುಟ್ಟಿತು. ಆ ಧೈರ್ಯಕ್ಕೆ ನಮಸ್ಕಾರ. ಆದರೆ ನಮ್ಮ ಗಡಿಯ ಹುಡುಗಿಯರ ಈ ಕಥೆ ಬಂದದ್ದು ಹಿಂದಿಯಲ್ಲಿ. ಯಾರ ಮನೆಯ ಕಥೆಯೋ ಅವರ ಅವ್ವಂದಿರಿಗೆ ಆ ಮಾತು ತಿಳಿಯಬೇಡವೇ?

ಆರ್ಥಿಕ ಕುಸಿತ ಅಂದರೆ ಪೇಪರಿನವರು 2008 ಎನ್ನುತ್ತಾರೆ. ನಮ್ಮ ಕೇರಿಗೆ ಅದು ಯಾವತ್ತು ಬಂತು? ಬಂದದ್ದು ಯಾವಾಗ ಹೋಗಿತ್ತು? 1972ರ ಬರ ನೆನಪಿರುವ ಮುದುಕಿಯರನ್ನು ಕೇಳಿ. ಭೂಮಿ ಇಲ್ಲದ ಮನೆಯಲ್ಲಿ ಕೂಲಿ ನಿಂತರೆ ಮಾರಲು ಏನು ಉಳಿಯುತ್ತದೆ? ಮಗಳಿಗೆ ಮುತ್ತು ಕಟ್ಟಿಸುತ್ತಾರೆ. ದೇವಿಯ ಹೆಸರು ಮುಂದೆ, ಹಸಿವು ಹಿಂದೆ. ಮುತ್ತು ಕಟ್ಟಿಸಿಕೊಂಡವರಲ್ಲಿ ಬಹುಪಾಲು ಹೊಲೆಯ, ಮಾದಿಗರ ಮಕ್ಕಳು. ಅವರ ಹಾಸಿಗೆಗೆ ಬಂದವರು ಕೇರಿಯ ನೀರು ಮುಟ್ಟದವರು. ನೀರಿಗೆ ಮೈಲಿಗೆ, ಮೈಗೆ ಮೈಲಿಗೆ ಇಲ್ಲ. ಇದು ಯಾವ ಶಾಸ್ತ್ರ ಸ್ವಾಮಿ?

ಕಾನೂನು ಇಲ್ಲವೇ ಎಂದು ಕೇಳುತ್ತೀರಿ. ಬೇಕಾದಷ್ಟಿದೆ. ಧಾರವಾಡ ಮುಂಬೈ ಪ್ರಾಂತ್ಯದಲ್ಲಿದ್ದಾಗಲೇ, 1934ರಲ್ಲಿ, ದೇವದಾಸಿ ಕಾಯ್ದೆ ಬಂತು. ಆಮೇಲೆ ಕರ್ನಾಟಕದ 1982ರ ಕಾಯ್ದೆ. ಅದನ್ನು ಬಿಡಿಸಿ ಓದಿ. ಮುತ್ತು ಕಟ್ಟುವ ಕೆಲಸದಲ್ಲಿ ಕೈಹಾಕಿದವರಿಗೆ ಅದರಲ್ಲಿ ಮೂರು ವರ್ಷದವರೆಗೆ ಜೈಲು ಇತ್ತು. ಹಾಗೆ ಮಾಡಿದವರು ತಂದೆ, ತಾಯಿ, ಬಂಧುಗಳಾದರೆ ಕನಿಷ್ಠ ಎರಡು, ಗರಿಷ್ಠ ಐದು ವರ್ಷ ಇತ್ತು. ಹೊಟ್ಟೆಗಿಲ್ಲದ ಅವ್ವನಿಗೆ ಹೆಚ್ಚು ಶಿಕ್ಷೆ. ಮುತ್ತು ಕಟ್ಟಿದ ಮೇಲೆ ಅವಳನ್ನು ಇಟ್ಟುಕೊಂಡ ಹಿರಿಮನೆಯ ಗಂಡಸಿನ ಹೆಸರೆತ್ತುವ ಕಲಮು ಅದರಲ್ಲಿ ಎಲ್ಲಿತ್ತು?

ಅದೇ 1982ರ ಜನವರಿ 18ರಂದು ಮುಂಬೈ ಗಿರಣಿಗಳಲ್ಲಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಬೀದಿಗೆ ಬಂದರು, ಬಹಳ ಮಂದಿ ಮತ್ತೆ ಗಿರಣಿ ಮೆಟ್ಟಲು ಹತ್ತಲೇ ಇಲ್ಲ. ನಮ್ಮ ಬೆಳಗಾವಿ, ಧಾರವಾಡ, ವಿಜಾಪುರದ ಕೇರಿಗಳಿಂದ ಕಾಮಾಠಿಪುರಕ್ಕೆ ಹೋದ ಹೆಣ್ಣುಮಕ್ಕಳು ಆ ಪಟ್ಟಣದಲ್ಲೇ ಇದ್ದರು. ಗಿರಣಿ ಕೂಲಿ ನಿಂತರೆ ಅದರ ಪೆಟ್ಟು ಯಾವ ಓಣಿಗೆ ಬೀಳುತ್ತದೆಂದು ಹೇಳಬೇಕೇ? ಹುಬ್ಬಳ್ಳಿಯಲ್ಲೂ ಅಷ್ಟೆ. ಭಾರತ ಮಿಲ್ಲಿನ ಹೆಸರು ಸರ್ಕಲ್ಲಿಗೆ ಉಳಿದಿದೆ, ಮಿಲ್ಲಿನ ಪಗಾರ ಉಳಿದಿಲ್ಲ.

ಇನ್ನು ಸರ್ಕಾರದ ಲೆಕ್ಕ. 1993-94ರ ಮತ್ತು 2007-08ರ ಸಮೀಕ್ಷೆಗಳಲ್ಲಿ ಸಿಕ್ಕ ದೇವದಾಸಿಯರು ಒಟ್ಟು 46,660. ಅವರ ಮಾಸಾಶನ ಹಲವು ವರ್ಷ 1,500 ರೂಪಾಯಿಗೆ ನಿಂತಿತ್ತು. ದಿನಕ್ಕೆ ಐವತ್ತು. ಸಮೀಕ್ಷೆಯ ಪಟ್ಟಿಯಲ್ಲಿ ಹೆಸರಿಲ್ಲದವಳಿಗೆ ಅದೂ ಇಲ್ಲ.

2020ರ ಮಾರ್ಚ್ 25ರಿಂದ ದೇಶಕ್ಕೆ ಬೀಗ ಬಿತ್ತು. ಬಸ್ ಸ್ಟ್ಯಾಂಡು ಬಂದ್, ಲಾಡ್ಜು ಬಂದ್, ಢಾಬಾ ಬಂದ್. ದಿನದ ದುಡಿಮೆಯ ಮೇಲೆ ಬದುಕಿದ ಲೈಂಗಿಕ ಕಾರ್ಮಿಕರ ಒಲೆಯೂ ಬಂದ್. ರೇಷನ್ ಕೇಳಿದರೆ ಕಾರ್ಡು ತಾ ಅಂದರು. ಬಾಡಿಗೆ ಮನೆಯ ಹೆಣ್ಣಿಗೆ, ಊರು ಬಿಟ್ಟ ಹೆಣ್ಣಿಗೆ ಕಾರ್ಡು ಎಲ್ಲಿಂದ ಬರಬೇಕು? ಗುರುತಿನ ಚೀಟಿಗೆ ಹಟ ಹಿಡಿಯದೆ ಇವರಿಗೆ ರೇಷನ್ ಕೊಡಿ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2020ರ ಸೆಪ್ಟೆಂಬರ್ 29ಕ್ಕೆ. ಆರು ತಿಂಗಳಾಗಿತ್ತು. ಆರು ತಿಂಗಳ ಉಪವಾಸಕ್ಕೆ ಯಾವ ಕ್ಯಾಮೆರಾ ಮುಂದೆ ನಿಂತಿತ್ತು? ಇವರಿಗೂ ಘನತೆಯಿಂದ ಬಾಳುವ ಹಕ್ಕಿದೆ, ಪೊಲೀಸರು ಮರ್ಯಾದೆಯಿಂದ ನಡೆದುಕೊಳ್ಳಬೇಕು ಎಂದು ಅದೇ ಕೋರ್ಟು 2022ರ ಮೇ 19ರಂದು ಹೇಳಬೇಕಾಯಿತು. ಮನುಷ್ಯರನ್ನು ಮನುಷ್ಯರೆನ್ನಲು ಕೋರ್ಟಿನ ಆದೇಶ ಬೇಕಾದ ದೇಶ ಇದು.

ಗೆಳೆಯರೇ, ಬೈಗುಳವೆಲ್ಲ ಸಿನಿಮಾದವರಿಗೇ ಇರಲಿ ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ. 1986ರಲ್ಲಿ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ತಡೆಯಲು ಹೋದ ಕಾರ್ಯಕರ್ತರು ಪೆಟ್ಟು ತಿಂದರು. ಅದು ನಮ್ಮ ಹೆಮ್ಮೆ. ಆದರೆ ಮುತ್ತು ಹರಿದು ಬಂದ ಹೆಣ್ಣಿಗೆ ಎರಡು ಎಕರೆ ಭೂಮಿ ಬೇಕೆಂದು ಅಷ್ಟೇ ಹಟದಿಂದ ಕೂತೆವೇ? ನಮ್ಮ ಕವಿತೆಗಳಲ್ಲಿ ಅವಳನ್ನು ಬೆಂಕಿ ಅಂದೆವು, ಗಾಯ ಅಂದೆವು, ಭಾರತ ಮಾತೆ ಅಂದೆವು. ಅವಳಿಗೆ ಬಾಕಿ ಎಷ್ಟು ಅಂತ ಕೇಳಲಿಲ್ಲ. ಸಭೆಯಲ್ಲಿ ಮಾತಾಡಿ ಹೊರಗೆ ಬಂದು, ಜಗಳಕ್ಕೆ ನಿಂತವನನ್ನು ‘ಸೂಳೆ ಮಗನೇ’ ಎಂದು ಬೈಯುವ ಸಂಗಾತಿಗಳು ನಮ್ಮಲ್ಲೇ ಇದ್ದಾರೆ. ಆ ಬೈಗುಳ ಬೀಳುವುದು ಸವದತ್ತಿಯ ಆ ಹುಡುಗಿಯ ಅವ್ವನ ಮೇಲೆ. ಅದನ್ನು ಇವತ್ತೇ ಬಿಡಿ.

ಸಿನಿಮಾ ಮಾಡುವ ಹುಡುಗರಿಗೆ ಒಂದು ಮಾತು. ಪ್ರಯೋಗ ಮಾಡಿ, ಬೇಡ ಅನ್ನುವುದಿಲ್ಲ. ಕಥೆಯನ್ನು ಹಿಂದುಮುಂದು ಮಾಡಿ, ಕ್ಯಾಮೆರಾ ದೂರ ಇಡಿ, ಹತ್ತಿರ ಇಡಿ. ಆದರೆ ಅವಳ ಮೈ ತೋರಿಸುವ ಮೊದಲು ಅವಳ ವಹಿ ತೋರಿಸಿ. ಅವಳಿಗೆ ಬಂದದ್ದೆಷ್ಟು, ದಲಾಲ ತಗೊಂಡದ್ದೆಷ್ಟು, ಪೊಲೀಸನ ಹಫ್ತಾ ಎಷ್ಟು, ಗುಡಿಗೆ ಹೋದದ್ದೆಷ್ಟು, ಮಗಳ ಸಾಲೆ ಫೀಜು ಎಷ್ಟು, ಅವಳ ಅಪ್ಪ ಯಾರ ಹೊಲದಲ್ಲಿ ಜೀತಕ್ಕಿದ್ದ, ಆ ಹೊಲ ಈಗ ಯಾರ ಹೆಸರಿನಲ್ಲಿದೆ. ಕನ್ನಡದಲ್ಲಿ ತೋರಿಸಿ. ಮೊದಲ ಆಟ ಅವಳ ಓಣಿಯಲ್ಲೇ ಆಗಲಿ.

ಮಾಸ್ತರರೇ, ನಿಮಗೂ ಒಂದು ಕೆಲಸ. ಸಾಲೆಯ ಹಾಜರಿಯಲ್ಲಿ ಅಪ್ಪನ ಹೆಸರಿಲ್ಲದ ಮಗು ಬಂದರೆ ಮಂದಿಯ ಎದುರು ಕೇಳಬೇಡಿ. ಅವ್ವನ ಹೆಸರು ಬರೆದುಕೊಳ್ಳಿ. ಆ ಮಗು ಅಕ್ಷರ ಕಲಿಯಲಿ, ಕೂಡಿಸುವುದು ಕಳೆಯುವುದು ಕಲಿಯಲಿ. ಮುಂದೆ ತನ್ನ ಅವ್ವನ ಬಾಕಿಯನ್ನು ತಾನೇ ಬರೆದು ನಮ್ಮೆಲ್ಲರ ಮುಂದೆ ಇಡುತ್ತದೆ. ಅವತ್ತು ಕೊಡಲು ತಯಾರಿರೋಣ.